ಕಂಪನಿಯ ಮೈದಾನ, ಒಕ್ಕದ ಮೈದಾನ

1951ರ ಜನಗಣತಿಯಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ ಜನಸಂಖ್ಯೆ ಸುಮಾರು 1 ಲಕ್ಷ 59 ಸಾವಿರ. ಗಣಿ ಮುಚ್ಚಿ ಹತ್ತು ವರ್ಷವಾಗಿದ್ದ 2011ರಲ್ಲಿ ಅದು ಸುಮಾರು 1 ಲಕ್ಷ 62 ಸಾವಿರ. ನಡುವೆ ಏರಿಳಿತಗಳಿದ್ದವು. ಆದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕೆಜಿಎಫ್ ಬಗ್ಗೆ ನಾವು ರೂಢಿಸಿಕೊಂಡಿರುವ ಕಲ್ಪನೆ ಸ್ವಲ್ಪ ಅಲುಗಾಡುತ್ತದೆ. ಸಿನಿಮಾ ಬಂದ ಮೇಲಂತೂ ಕೆಜಿಎಫ್ ಎಂದರೆ ಸಯನೈಡ್ ಗುಡ್ಡ, ಸುತ್ತಿಗೆ, ಬಂದೂಕು. ಅದಕ್ಕೂ ಮೊದಲು ಪಾಳುಬಿದ್ದ ಊರು ಎಂಬ ಮಾತು. ಬಂಗಲೆಗಳು ಪಾಳು ಬಿದ್ದಿವೆ, ನಿಜ. ಜನ ಮಾತ್ರ ಅಲ್ಲೇ ಇದ್ದಾರೆ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಯ ಶಾಲೆಗಳಲ್ಲಿ ಇವತ್ತೂ ಸಾವಿರಾರು ಮಕ್ಕಳು ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲುತ್ತಾರೆ. ಒಂದು ಕಾಲದಲ್ಲಿ ಕ್ರಿಕೆಟ್, ಫುಟ್‌ಬಾಲ್, ಹಾಕಿ, ಟೆನಿಸ್, ಗಾಲ್ಫ್ ಎಲ್ಲವೂ ನಡೆಯುತ್ತಿದ್ದ ಊರು ಇದು. ಆದರೆ ಕರ್ನಾಟಕದ ಹಾಕಿಯ ಮಾತು ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ರಾಜ್ಯದ ಇನ್ನೊಂದು ತುದಿಯಲ್ಲಿರುವ ಕೊಡಗು. ಮಕ್ಕಳಿಗೆ ಕೊರತೆಯಿಲ್ಲದ ಊರಿನಲ್ಲಿ ಆಟ ಯಾಕೆ ಸೊರಗುತ್ತದೆ ಎಂಬುದನ್ನು ವಿಚಾರಿಸುವುದಕ್ಕೆ ಈ ಎರಡು ಊರುಗಳ ಹೋಲಿಕೆಗಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಸಿದ್ಧ ಉತ್ತರವೊಂದಿದೆ: ಗಣಿ ಮುಚ್ಚಿತು, ಆಟವೂ ಮುಗಿಯಿತು. 2001ರ ಫೆಬ್ರುವರಿ ಕೊನೆಯಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಉಳಿದಿದ್ದ ನೌಕರರು ನಾಲ್ಕು ಸಾವಿರಕ್ಕೂ ಕಡಿಮೆ. ಗಣಿಗಳ ಉಚ್ಛ್ರಾಯದಲ್ಲಿ ಅದು ಮೂವತ್ತು ಸಾವಿರ ದಾಟಿತ್ತು. ಸಂಬಳವೇ ನಿಂತ ಮನೆಯಲ್ಲಿ ಹಾಕಿ ಸ್ಟಿಕ್ಕಿಗೆ ಯಾರು ದುಡ್ಡು ಕೊಟ್ಟಾರು? ಇದರಲ್ಲಿ ಹುರುಳಿದೆ, ಅಲ್ಲಗಳೆಯುವುದಿಲ್ಲ. ಆದರೆ ಬಡತನ ಒಂದೇ ಕಾರಣವಾಗಿದ್ದರೆ ದೇಶದ ಅತ್ಯಂತ ಬಡ ಜಿಲ್ಲೆಗಳ ಸಾಲಿನಲ್ಲಿರುವ ಜಾರ್ಖಂಡಿನ ಸಿಮ್ಡೇಗಾ, ಅದಕ್ಕೆ ಹೊಂದಿಕೊಂಡ ಒಡಿಶಾದ ಸುಂದರ್‌ಗಢ ತಂಡ ತಂಡವಾಗಿ ಹಾಕಿ ಆಟಗಾರರನ್ನು ಕೊಡುತ್ತಿರಲಿಲ್ಲ. ಅಲ್ಲಿನ ಹಳ್ಳಿ ಪಂದ್ಯಾವಳಿಗಳಲ್ಲಿ ಗೆದ್ದವರಿಗೆ ಸಿಗುವ ಬಹುಮಾನ ಒಂದು ಮೇಕೆ. ಹಣಕ್ಕಿಂತ ಹಿಂದೆ ಇನ್ನೊಂದು ಪ್ರಶ್ನೆ ಇದೆ ಎಂದು ನನಗನಿಸುತ್ತದೆ. ಸಂಜೆ ನಾಲ್ಕೂವರೆಗೆ ಮೈದಾನದ ಗೇಟು ತೆರೆದಿರಬೇಕು, ಗೋಲ್ ಪೋಸ್ಟು ನೆಟ್ಟಗಿರಬೇಕು, ಹಿರಿಯನೊಬ್ಬ ಅಲ್ಲಿ ಇರಬೇಕು. ಇವು ಇಲ್ಲದಿದ್ದರೆ ಯಾರ ಮಾನ ಹೋಗುತ್ತದೆ? ಆ ಹೊಣೆ ಯಾರದು ಎಂಬುದೇ ಸಣ್ಣ ಊರಿನ ಮಕ್ಕಳ ಆಟದ ಆಯುಷ್ಯವನ್ನು ನಿರ್ಧರಿಸುತ್ತದೆ. ಕೆಜಿಎಫ್‌ನಲ್ಲಿ ಅದು ಕಂಪನಿಯದಾಗಿತ್ತು. ಊರಿನದು ಯಾವತ್ತೂ ಆಗಲಿಲ್ಲ.

ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ 1880ರಲ್ಲಿ ಇಲ್ಲಿ ಕೆಲಸಕ್ಕೆ ಕೈಹಾಕಿದಾಗ ಇದ್ದದ್ದು ಕುರುಚಲು ಕಾಡು, ಬಂಡೆ. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಒಂದೊಂದೇ ಗಣಿ ಎದ್ದ ಹಾಗೆ ಅವುಗಳ ಸುತ್ತ ಎರಡು ಬಗೆಯ ವಸತಿ ಎದ್ದಿತು. ದಿಬ್ಬದ ಮೇಲೆ ತೋಟದ ನಡುವಿನ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬಂದ, ಬಹುಪಾಲು ದಲಿತರಾದ ಕಾರ್ಮಿಕರ ಲೈನುಗಳು, ತಟ್ಟಿಯ ಗೋಡೆಯ ಗುಡಿಸಲುಗಳು. ನಡುವೆ ಕುಶಲ ಕೆಲಸಗಳಲ್ಲಿ, ಮೇಲ್ವಿಚಾರಣೆಯಲ್ಲಿ ಆಂಗ್ಲೋ-ಇಂಡಿಯನ್ನರು. ರಸ್ತೆ, ನೀರು, ಆಸ್ಪತ್ರೆ, ಶಾಲೆ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಎಲ್ಲದರ ಹಿಂದೆಯೂ ಗಣಿಯ ಅಗತ್ಯ ಇತ್ತು. ಮೈದಾನವೂ ಹಾಗೆಯೇ ಬಂತು. ಭೂಮಿಯ ಕೆಳಗೆ ಬಿಸಿಯಲ್ಲಿ ಪಾಳಿ ಮುಗಿಸಿ ಬಂದವರನ್ನು ಹೆಂಡದಂಗಡಿಯಿಂದ, ಸಂಘಟನೆಯಿಂದ ದೂರ ಇಡುವುದಕ್ಕೆ ಆಟ ಅಗ್ಗದ ಉಪಾಯ ಎಂದು ಆ ಕಾಲದ ಬಹುತೇಕ ಕಂಪನಿಗಳು ತಿಳಿದಿದ್ದವು. ಊರಿಗಾಂನ ಜಿಮ್ಖಾನಾ ಮೈದಾನ ಆ ಆಲೋಚನೆಯ ಕೂಸು. ಇದನ್ನು ಹೇಳುವುದು ಕಂಪನಿಯನ್ನು ಹಳಿಯುವುದಕ್ಕಲ್ಲ. ಉದ್ದೇಶ ಏನೇ ಇರಲಿ, ಮೈದಾನ ಚೆನ್ನಾಗಿತ್ತು. ಆದರೆ ಗಣಿಗೆ ಬೇಕಿದ್ದಕ್ಕೆ ಬಂದದ್ದು ಗಣಿಗೆ ಬೇಡವಾದಾಗ ಹೋಗುತ್ತದೆ ಎಂಬ ಷರತ್ತು ಮೊದಲ ದಿನದಿಂದಲೂ ಅದರೊಳಗಿತ್ತು.

ಹಾಕಿಯ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ಭಾರತದಲ್ಲಿ ಹಾಕಿ ಹಬ್ಬಿದ್ದು ದಂಡಿನ ಪ್ರದೇಶಗಳ ಮೂಲಕ, ರೈಲ್ವೆ ಕಾಲೊನಿಗಳ ಮೂಲಕ, ಆಂಗ್ಲೋ-ಇಂಡಿಯನ್ ಮತ್ತು ಮಿಷನ್ ಶಾಲೆಗಳ ಮೂಲಕ. ಕಲ್ಕತ್ತದ ಬೇಟನ್ ಕಪ್ 1895ರಷ್ಟು ಹಳೆಯದು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ಒಲಿಂಪಿಕ್ ಚಿನ್ನ ಗೆದ್ದ ತಂಡದಲ್ಲಿ ಬಹುಪಾಲು ಆಂಗ್ಲೋ-ಇಂಡಿಯನ್ನರಿದ್ದರು. ನಾಯಕ ಜೈಪಾಲ್ ಸಿಂಗ್ ಛೋಟಾನಾಗಪುರದ ಮಿಷನ್ ಶಾಲೆಯಿಂದ ಬಂದ ಆದಿವಾಸಿ. ಕೆಜಿಎಫ್‌ನಲ್ಲಿ ಹಾಕಿ ನೆಲೆ ಕಂಡದ್ದೂ ಇದೇ ಪದರದಲ್ಲಿ, ಇಂಗ್ಲಿಷ್ ಶಾಲೆ ಮತ್ತು ಕ್ಲಬ್ಬಿನ ಸುತ್ತ. ಕೆಳಗಿನ ಲೈನುಗಳಲ್ಲಿ ಬೆಳೆದದ್ದು ಫುಟ್‌ಬಾಲ್. ಇದಕ್ಕೆ ಗಣಿಗಾರನ ಸ್ವಭಾವದಲ್ಲಿ ಕಾರಣ ಹುಡುಕಬೇಕಿಲ್ಲ. ಇಪ್ಪತ್ತೆರಡು ಹುಡುಗರಿಗೆ ಒಂದು ಚೆಂಡು ಸಾಕು. ಹಾಕಿಗೆ ಇಪ್ಪತ್ತೆರಡು ಸ್ಟಿಕ್ಕು, ಇಬ್ಬರು ಗೋಲ್‌ಕೀಪರ್‌ಗಳಿಗೆ ಪ್ಯಾಡು, ಕಲ್ಲಿಲ್ಲದ ಸಮತಟ್ಟು ನೆಲ ಬೇಕು. ಕೋಲಾರದ ನೆಲದಲ್ಲಿ ಇದರಲ್ಲಿ ಕೊನೆಯದೇ ಹೆಚ್ಚು ದುಬಾರಿ. ಕೆಜಿಎಫ್ ಕ್ಲಬ್ಬು ದೀರ್ಘಕಾಲ ಯುರೋಪಿಯನ್ನರಿಗೆ ಮೀಸಲಾಗಿತ್ತು ಎಂಬುದನ್ನೂ ಸೇರಿಸಿದರೆ, ಊರಿನ ಒಳಗೇ ಎಷ್ಟು ಬೇಲಿಗಳಿದ್ದವು ಎಂಬುದು ತಿಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಸಣ್ಣದಲ್ಲ. ಹಾಕಿ ಆಂಗ್ಲೋ-ಇಂಡಿಯನ್ನರ ಆಟವಾಗಿದ್ದರೆ, 1947ರ ನಂತರ ಅವರು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದಾಗಲೇ ಅದು ಬಡವಾಗಿರಬೇಕು; ಗಣಿ ಮುಚ್ಚಿದ್ದಕ್ಕೂ ಮೈದಾನದ ಒಡೆತನಕ್ಕೂ ಇದರಲ್ಲಿ ಏನು ಪಾತ್ರ? ವಲಸೆಯ ಪೆಟ್ಟು ನಿಜವೇ. ಜಬಲ್‌ಪುರದಿಂದ ಪರ್ತ್‌ಗೆ ಹೋದ ಪಿಯರ್ಸ್ ಕುಟುಂಬದ ಐವರು ಸಹೋದರರೂ ಆಸ್ಟ್ರೇಲಿಯಾ ತಂಡಕ್ಕೆ ಆಡಿದರು; ಹೋದವರು ಆಟವನ್ನೂ ಜೊತೆಗೇ ಕೊಂಡೊಯ್ದರು. ಆದರೆ ಈ ಆಕ್ಷೇಪ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಒಂದು ಸಮುದಾಯ ಊರು ಬಿಟ್ಟಾಗ ಅದರ ಆಟ ಅಲ್ಲೇ ಉಳಿಯಬೇಕಾದರೆ ಪಕ್ಕದ ಲೈನಿನ ಹುಡುಗನ ಕೈಗೆ ಅಷ್ಟರೊಳಗೆ ಸ್ಟಿಕ್ಕು ದಾಟಿರಬೇಕು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಹಾಗೆ ದಾಟಿತು. ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿ ತಂತಿಬೇಲಿಯೊಳಗೆ ಕೂಡಿಹಾಕಿದ್ದ ಜನರ ಸೆಟ್ಲ್‌ಮೆಂಟ್ ಬಡಾವಣೆಗಳು ಮುಂದೆ ಹಾಕಿಗೆ ಹೆಸರಾದವು. ಸಾಹೇಬರ ಆಟ ಬಡವರ ಕೇರಿಯಲ್ಲಿ ಬೇರು ಬಿಡುವುದಿಲ್ಲ ಎನ್ನುವವರು ಒಮ್ಮೆ ಸೆಟ್ಲ್‌ಮೆಂಟಿಗೆ ಹೋಗಿ ಬರಬೇಕು. ಅಲ್ಲಿ ಮೈದಾನ ಕೇರಿಯ ಮಗ್ಗುಲಲ್ಲೇ ಇತ್ತು, ಹಿರಿಯ ಆಟಗಾರರೂ ಅದೇ ಕೇರಿಯವರು. ಕೆಜಿಎಫ್‌ನಲ್ಲಿ ಹಾಕಿ ಮೈದಾನಕ್ಕೂ ಕಾರ್ಮಿಕರ ಲೈನಿಗೂ ನಡುವೆ ಇದ್ದದ್ದು ದರ್ಜೆಯ ಅಂತರ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಒಪ್ಪಿಸಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. ಇಷ್ಟು ಬಾರಿ ಒಡೆಯರು ಬದಲಾದರೂ ಮೈದಾನ ಕಂಪನಿಯ ಆಸ್ತಿಪಟ್ಟಿಯಲ್ಲೇ ಉಳಿಯಿತು.

ಪಕ್ಕದ ರೈಲ್ವೆ ಊರು ಬಂಗಾರಪೇಟೆಯ ಕಥೆ ಬೇರೆ, ಮತ್ತು ಚಿಕ್ಕದು. ಕಮಿಷನರ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿದ್ದ ಈ ಜಂಕ್ಷನ್ನಿನಿಂದ ಮಾರಿಕುಪ್ಪಂವರೆಗೆ 1894ರಲ್ಲಿ ಗಣಿಗಾಗಿಯೇ ಕವಲು ಹಳಿ ಬಿತ್ತು. ಕೋಲಾರದ ಕಡೆಗೆ ಹೋಗುತ್ತಿದ್ದ ಪುಟ್ಟ ರೈಲೂ ಇಲ್ಲಿಂದಲೇ. ರೈಲ್ವೆ ಎಂದರೆ ಹಾಕಿ ಎಂಬ ಕಾಲವೊಂದಿತ್ತು. ಹಾಕಿ ದಿಗ್ಗಜ ಲೆಸ್ಲಿ ಕ್ಲಾಡಿಯಸ್ ಕಣ್ಣಿಗೆ ಬಿದ್ದದ್ದು ಖರಗ್‌ಪುರದ ರೈಲ್ವೆ ಮೈದಾನದಲ್ಲಿ. ಆದರೆ ಖರಗ್‌ಪುರದಲ್ಲಿ, ಹುಬ್ಬಳ್ಳಿಯಲ್ಲಿ ದೊಡ್ಡ ಕಾರ್ಯಾಗಾರಗಳಿದ್ದವು, ಸಾವಿರಾರು ಕುಟುಂಬಗಳು ತಲೆಮಾರುಗಟ್ಟಲೆ ಅಲ್ಲೇ ನೆಲೆಸಿದವು. ಬಂಗಾರಪೇಟೆ ರೈಲು ಬದಲಿಸುವ ಜಾಗ. ಅಂಥ ಊರಿನಲ್ಲಿ ಹೋಟೆಲು ಬೆಳೆಯುತ್ತದೆ, ಮಂಡಿ ಬೆಳೆಯುತ್ತದೆ. ಇವತ್ತು ಬೆಂಗಳೂರಿನ ಬೀದಿಗಳಲ್ಲಿ ಬಂಗಾರಪೇಟೆ ಎಂದರೆ ತಿಳಿನೀರಿನ ಪಾನಿಪುರಿ. ಮಕ್ಕಳ ಆಟಕ್ಕೆ ಬೇಕಾದ ನೆಲೆನಿಂತ ಹಿರಿಯರ ಗುಂಪನ್ನು ಆ ಊರಿಗೆ ರೈಲ್ವೆಯೂ ಕೊಡಲಿಲ್ಲ, ಗಣಿಯೂ ಕೊಡಲಿಲ್ಲ.

ಈಗ ಕೊಡಗು. 1997ರಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಏರ್ಪಡಿಸಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆ ಸೇರಿದವು. ಈ ಹಬ್ಬದ ಜಾಣತನ ಇರುವುದು ನಿಯಮದಲ್ಲಿ. ಪ್ರತಿ ವರ್ಷ ಒಂದೊಂದು ಒಕ್ಕ, ಅಂದರೆ ಕೊಡವ ಮನೆತನ, ಆತಿಥ್ಯ ವಹಿಸುತ್ತದೆ. ಮೈದಾನ ಸಜ್ಜು ಮಾಡುವುದು, ಗ್ಯಾಲರಿ ಕಟ್ಟುವುದು, ಹಣ ಹೊಂದಿಸುವುದು ಅದರ ಪಾಲು, ಕಪ್ಪಿಗೂ ಅದರದೇ ಹೆಸರು. ತಂಡ ಒಕ್ಕದ ಹೆಸರಿನಲ್ಲಿ ಇಳಿಯುತ್ತದೆ, ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಆಡಬಹುದು, ಅರವತ್ತು ದಾಟಿದವರೂ ಸ್ಟಿಕ್ ಹಿಡಿಯಬಹುದು. ಹಾಗಾಗಿ ಹನ್ನೊಂದು ಜನರನ್ನು ಹೊಂದಿಸಲಾಗದ ಒಕ್ಕಕ್ಕೆ ನಾಚಿಕೆ, ಮತ್ತು ಆ ನಾಚಿಕೆಯಿಂದಲೇ ಬೆಂಗಳೂರಿನ ಕಂಪನಿಯಲ್ಲಿ ಕುಳಿತ ಹುಡುಗ ರಜೆ ಹಾಕಿ ಊರಿಗೆ ಬರುತ್ತಾನೆ. ಸರ್ಕಾರದ ಯಾವ ಕ್ರೀಡಾ ನೀತಿಯೂ ಇಂಥ ಒತ್ತಡ ಹುಟ್ಟಿಸಲಾರದು. ಮಗು ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯಕ್ಕೋ ಕೂಡಿಗೆಯ ಕ್ರೀಡಾ ಶಾಲೆಗೋ ಸೇರುವಷ್ಟರಲ್ಲಿ ಹಾಕಿ ಅದಕ್ಕೆ ಹೊಸದಾಗಿರುವುದಿಲ್ಲ. ಹೊಣೆ ಹೊತ್ತಿರುವುದು ಇಲ್ಲಿ ಮುಚ್ಚಲು ಬಾರದ ಸಂಸ್ಥೆ. ಒಕ್ಕಕ್ಕೆ ನಷ್ಟವಾಯಿತೆಂದು ಯಾರೂ ಬೀಗಮುದ್ರೆ ಹಾಕಲಾರರು.

ಕೊಡಗನ್ನು ಹೀಗೆ ಎತ್ತಿ ಹಿಡಿದರೆ ಮೂರು ಕಡೆಯಿಂದ ಪ್ರಶ್ನೆ ಬರುತ್ತದೆ. ಕಾಫಿಯ ಹಣ ಇದ್ದವರ ಮಾತು ಇದು ಎನ್ನಬಹುದು. ಸೈನ್ಯದ ನಂಟು ಇದ್ದ ಜಿಲ್ಲೆಯಲ್ಲಿ ಹಾಕಿ ಸಹಜ ಎನ್ನಬಹುದು. ಒಂದೇ ಜನಾಂಗದೊಳಗಿನ ಹಬ್ಬ ಮಾದರಿಯಾಗುವುದು ಹೇಗೆ ಎಂದೂ ಕೇಳಬಹುದು. ಸೈನ್ಯದ ನಂಟನ್ನು ಒಪ್ಪಲೇಬೇಕು. ಮೊಳ್ಳೇರ ಗಣೇಶ್, ಮನೆಯಪಂಡ ಸೋಮಯ್ಯ, ಅಂಜಪರವಂಡ ಸುಬ್ಬಯ್ಯ ಇವರೆಲ್ಲ 1997ಕ್ಕೆ ಮೊದಲೇ ಭಾರತಕ್ಕೆ ಆಡಿದವರು, ಅಂದರೆ ಹಬ್ಬವೇ ಕೊಡಗಿನ ಹಾಕಿಯನ್ನು ಹುಟ್ಟಿಸಿತು ಎನ್ನುವಂತಿಲ್ಲ. ಆದರೆ ಟಿವಿ, ಕ್ರಿಕೆಟ್ಟು, ನಗರದ ಸೆಳೆತ ಎಲ್ಲ ಒಟ್ಟಿಗೆ ಬಂದ ದಶಕದಲ್ಲಿ ಅದು ಆಟವನ್ನು ಮನೆಯೊಳಗೆ ಹಿಡಿದಿಟ್ಟಿತು. ಹಣದ ಪ್ರಶ್ನೆಗೆ ಸಿಮ್ಡೇಗಾದ ಮೇಕೆಯೇ ಉತ್ತರ. ಜನಾಂಗದ ಪ್ರಶ್ನೆ ಹೆಚ್ಚು ಗಂಭೀರ, ಯಾಕೆಂದರೆ ರಕ್ತಸಂಬಂಧದ ಮೇಲೆ ನಿಂತ ಯಾವ ಕೂಟಕ್ಕೂ ಹೊರಗಿನವರು ಎಂಬ ಗೆರೆ ಇದ್ದೇ ಇರುತ್ತದೆ. ಆದರೂ ಜಿಲ್ಲೆಯಲ್ಲಿ ಆಟದ ಗಾಳಿ ಇದ್ದರೆ ಗೆರೆಯಾಚೆಗೂ ಬೀಸುತ್ತದೆ. ಸೋಮವಾರಪೇಟೆಯಿಂದ ಬಂದು ಭಾರತದ ಮುನ್ಪಡೆಯಲ್ಲಿ ವರ್ಷಗಟ್ಟಲೆ ಓಡಿದ ಎಸ್.ವಿ. ಸುನಿಲ್ ಕೊಡವ ಒಕ್ಕದವರಲ್ಲ. ಕೊಡಗಿನ ಬೇರೆ ಸಮುದಾಯಗಳೂ ಇದೇ ಮಾದರಿಯಲ್ಲಿ ತಮ್ಮ ತಮ್ಮ ಕುಟುಂಬ ಪಂದ್ಯಾವಳಿ ಶುರು ಮಾಡಿದವು. ಕೆಜಿಎಫ್‌ಗೆ ಒಕ್ಕ ಇಲ್ಲ, ಬೇಕಾಗಿಯೂ ಇಲ್ಲ. ಅಲ್ಲಿ ಲೈನುಗಳಿವೆ. ತಮಿಳು, ತೆಲುಗು, ಉರ್ದು, ಕನ್ನಡ ಮಾತಾಡುವವರು ಒಂದೇ ನಲ್ಲಿಯಲ್ಲಿ ನೀರು ಹಿಡಿದು, ಒಂದೇ ಸೈರನ್ನಿಗೆ ಎದ್ದು ಬದುಕಿದ ಕೇರಿಗಳವು. ಲೈನಿನ ಹೆಸರಿನಲ್ಲಿ ತಂಡ ಇಳಿಸಿದರೆ ಅದು ಒಕ್ಕಕ್ಕಿಂತ ಅಗಲವಾಗಿಯೇ ಇರುತ್ತದೆ.

ಆಸ್ಟ್ರೋ ಟರ್ಫ್ ಬಂದು ಸಣ್ಣ ಊರುಗಳ ಹಾಕಿಯನ್ನು ಕೊಂದಿತು ಎಂಬುದು ಇನ್ನೊಂದು ಜನಪ್ರಿಯ ವಾದ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಹುಲ್ಲು ನೆಲದ ಮೇಲೆ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಸಾಗುವ ಕೈಚಳಕಕ್ಕಿಂತ ಓಟ, ಬಲ, ಉದ್ದದ ಪಾಸುಗಳಿಗೆ ಬೆಲೆ ಬಂತು. ಜಲಂಧರ್ ದಂಡಿನ ಮಗ್ಗುಲಿನ ಸನ್ಸಾರ್‌ಪುರವನ್ನು ಉದಾಹರಣೆ ಕೊಡುತ್ತಾರೆ. ಹದಿನಾಲ್ಕು ಒಲಿಂಪಿಯನ್ನರ ಆ ಹಳ್ಳಿಯಿಂದ 1968ರ ಮೆಕ್ಸಿಕೊ ಕೂಟವೊಂದಕ್ಕೇ ಕುಲಾರ್ ಮನೆತನದ ಐವರು ಭಾರತಕ್ಕೆ, ಇಬ್ಬರು ಕೀನ್ಯಾಕ್ಕೆ ಆಡಿದ್ದರು. ಆಮೇಲೆ ಒರತೆ ಬತ್ತಿತು. ಟರ್ಫಿನ ಬೆಲೆ ಕೋಟಿಗಳಲ್ಲಿದೆ, ನೀರೂ ಬೇಕು. ನೀರಿಗಾಗಿ ಬಾವಿ ಕೊರೆದು ಸೋತ ಕೋಲಾರ ಜಿಲ್ಲೆಯಲ್ಲಿ ದಿನಾ ಮೈದಾನಕ್ಕೆ ನೀರು ಹಾಯಿಸುವ ಮಾತಾಡುವುದೇ ಮುಜುಗರ. ಆದರೆ ಟರ್ಫು ಬೇಕಾಗುವುದು ಹದಿನಾಲ್ಕು-ಹದಿನೈದರ ನಂತರ, ಆಯ್ದ ಮಕ್ಕಳಿಗೆ. ಅದಕ್ಕೆ ಮೊದಲು ಬೇಕಾದದ್ದು ಚೆಂಡಿನ ರುಚಿ. ಕೊಡಗಿನ ಹಬ್ಬ ನಡೆಯುವುದು ಇವತ್ತಿಗೂ ಮಣ್ಣು, ಹುಲ್ಲಿನ ಮೈದಾನಗಳಲ್ಲಿ. ಟರ್ಫು ಇಲ್ಲದ್ದರಿಂದ ಒಲಿಂಪಿಯನ್ ಹುಟ್ಟದಿರಬಹುದು. ಹನ್ನೆರಡರ ಹುಡುಗಿ ಸಂಜೆ ಸ್ಟಿಕ್ ಹಿಡಿಯದಿರುವುದಕ್ಕೆ ಅದು ಕಾರಣವಾಗುವುದಿಲ್ಲ.

ಕ್ರಿಕೆಟ್ಟು, ಮೊಬೈಲು ಮಕ್ಕಳನ್ನು ನುಂಗಿದವು ಎನ್ನುವವರಿಗೆ ಹೆಚ್ಚು ಹೊತ್ತು ಕೊಡಲಾರೆ. ಮೊಬೈಲು ಕೊಡಗಿನಲ್ಲೂ ಇದೆ. ಕೆಜಿಎಫ್‌ನಲ್ಲಿ ನಿಜವಾಗಿ ಕಳೆದುಹೋದದ್ದು ಹಿರಿಯರ ಸಂಜೆ. ಗಣಿಯ ಪಾಳಿ ಎಷ್ಟೇ ಕ್ರೂರವಾಗಿದ್ದರೂ ಸೈರನ್ನಿನೊಂದಿಗೆ ಮುಗಿಯುತ್ತಿತ್ತು, ಮನೆ ನಡಿಗೆಯ ದೂರದಲ್ಲಿತ್ತು. ಮೈದಾನದ ಅಂಚಿನಲ್ಲಿ ನಿಂತು ಕೂಗಿ ತಿದ್ದುವ ಅಣ್ಣ, ಮಾಮ ಅಲ್ಲಿಂದಲೇ ಬರುತ್ತಿದ್ದರು. 2001ರ ನಂತರ ಅದೇ ಜನ ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ, ಸೀಸನ್ ಪಾಸಿನ ಮೇಲೆ ಗಾರ್ಮೆಂಟ್ಸಿಗೋ ಸೆಕ್ಯುರಿಟಿ ಕೆಲಸಕ್ಕೋ ಹೋಗಿ ಕತ್ತಲಾದ ಮೇಲೆ ಇಳಿಯುತ್ತಾರೆ. ಕಂಪನಿ ಮೈದಾನಕ್ಕೆ ಕೊಟ್ಟ ಅತಿ ದೊಡ್ಡ ಸಬ್ಸಿಡಿ ರೋಲರ್ ಆಗಲಿ ಗೋಲ್ ಬಲೆಯಾಗಲಿ ಆಗಿರಲಿಲ್ಲ. ಊರಿನಲ್ಲೇ ಇರುವ ಕೆಲಸ ಆ ಸಬ್ಸಿಡಿ. ಇದನ್ನು ಯಾವ ತರಬೇತಿ ಶಿಬಿರವೂ ತುಂಬಿಕೊಡುವುದಿಲ್ಲ. ಹಾಗಾಗಿ ಊರಿನಲ್ಲೇ ಕೆಲಸವಿರುವ ಒಂದು ವರ್ಗದ ಮೇಲೆ, ಅಂದರೆ ಶಾಲೆಗಳ ಪಿ.ಟಿ. ಮೇಷ್ಟ್ರುಗಳ ಮೇಲೆ, ಮಕ್ಕಳ ಆಟದ ಭಾರ ಪೂರ್ತಿ ಬೀಳುತ್ತದೆ. ಎಷ್ಟೋ ಶಾಲೆಗಳಲ್ಲಿ ಆ ಹುದ್ದೆ ಖಾಲಿ ಇರುವುದು ಕೆಜಿಎಫ್‌ಗೆ ಮಾತ್ರ ಸೀಮಿತವಾದ ಕಾಯಿಲೆಯಲ್ಲ.

ಒಂದು ಕಂಪನಿ ಹೋದರೇನು, 1964ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಬೆಮೆಲ್‌ನ ಕಾರ್ಖಾನೆ ಕೆಜಿಎಫ್‌ನಲ್ಲಿ ಇನ್ನೂ ಇದೆಯಲ್ಲ ಎಂದು ಕೇಳಬಹುದು. ಜಮ್‌ಶೆಡ್‌ಪುರದಲ್ಲಿ ಟಾಟಾ, ರೂರ್ಕೆಲಾದಲ್ಲಿ ಉಕ್ಕು ಕಾರ್ಖಾನೆ ಆಟವನ್ನು ಸಾಕಿದಂತೆ ಬೆಮೆಲ್ ಸಾಕಬಾರದೇಕೆ? ಸಾಕಬಹುದು, ಸಾಕಿದರೆ ಒಳ್ಳೆಯದೇ. ಆದರೆ ಒಂದು ಒಡೆತನ ಬಿದ್ದುಹೋದ ಊರು ಮತ್ತೊಂದನ್ನು ಹುಡುಕಿಕೊಂಡು ಹೋಗುವುದು ಅದೇ ಷರತ್ತಿಗೆ ಎರಡನೇ ಬಾರಿ ಸಹಿ ಹಾಕಿದಂತೆ. ಬೆಮೆಲ್ಲಿನ ಷೇರು ಮಾರಾಟದ ಮಾತು ವರ್ಷಗಳಿಂದ ಕೇಂದ್ರದ ಕಡತದಲ್ಲಿದೆ ಎಂಬುದನ್ನೂ ಮರೆಯುವಂತಿಲ್ಲ.

ಉಳಿದ ದಾರಿ ನೆಲದ್ದು, ಮತ್ತು ಅದಕ್ಕೆ ಇದು ಸರಿಯಾದ ಸಮಯ. ಭಾರತ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿ ಸುಮಾರು 12 ಸಾವಿರ ಎಕರೆ ಇದೆ. 13 ಸಯನೈಡ್ ದಿಬ್ಬಗಳಿರುವ ಸುಮಾರು 1,003 ಎಕರೆಯಲ್ಲಿ, ರಾಶಿ ಬಿದ್ದಿರುವ 3.3 ಕೋಟಿ ಟನ್ ಮಣ್ಣಿನಿಂದ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಕೈಗಾರಿಕಾ ಪ್ರದೇಶದ ಯೋಜನೆಯೂ ಇದೇ ಜಮೀನಿನ ಮೇಲೆ ಕಣ್ಣಿಟ್ಟಿದೆ. ಹಾಕಿ ಅಂಕಣದ ಅಳತೆ 91.4 ಮೀಟರ್ ಉದ್ದ, 55 ಮೀಟರ್ ಅಗಲ, ಅಂದರೆ ಒಂದೂಕಾಲು ಎಕರೆ. ಸುತ್ತ ಓಡಾಡುವ ಜಾಗ ಸೇರಿ ಎರಡು ಎಕರೆ ಎನ್ನಿ. ಹತ್ತು ಮೈದಾನ ಬಿಟ್ಟುಕೊಟ್ಟರೂ 12 ಸಾವಿರದಲ್ಲಿ ಹೋಗುವುದು ಇಪ್ಪತ್ತು ಎಕರೆ. ಹರಾಜು, ಗುತ್ತಿಗೆಗಳ ಕಾಗದ ಸಿದ್ಧವಾಗುವ ಮೊದಲೇ ಈ ಇಪ್ಪತ್ತು ಎಕರೆಯನ್ನು ಬೇರ್ಪಡಿಸಿ ಶಾಲೆಗಳ ಮತ್ತು ಲೈನುಗಳ ಸಮಿತಿಗಳ ಹೆಸರಿಗೆ, ಮಾರಲು ಬಾರದಂತೆ ಬರೆದುಕೊಡಬೇಕು. ನಗರಸಭೆಗೆ ಕೊಟ್ಟರೆ ಸಾಲದೇ ಎಂದರೆ, ಸಂತೆಗೂ ಸಭೆಗೂ ವಸ್ತುಪ್ರದರ್ಶನಕ್ಕೂ ಬಾಡಿಗೆಗೆ ಹೋಗಿ ಗುಂಡಿಬಿದ್ದ ಪುರಸಭಾ ಮೈದಾನಗಳು ಬಂಗಾರಪೇಟೆಯಂಥ ಊರುಗಳ ಜನಕ್ಕೆ ಹೊಸದಲ್ಲ. ಜಾಗ ಆರಿಸುವಾಗ ಮಾತ್ರ ಕಂಪನಿಯ ಹಳೆಯ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬಾರದು. ಗಾಳಿಯ ತಿಂಗಳುಗಳಲ್ಲಿ ದಿಬ್ಬದ ನುಣುಪು ದೂಳು ಊರೊಳಗೆ ನುಗ್ಗುತ್ತದೆ, ಅದರಲ್ಲಿ ಸಿಲಿಕಾ ಇದೆ, ಅಪ್ಪ-ತಾತಂದಿರ ಶ್ವಾಸಕೋಶ ಹಾಳು ಮಾಡಿದ ಅದೇ ಸಿಲಿಕಾ. ದಿಬ್ಬ ಅಗೆಯಲು ಶುರು ಮಾಡಿದರೆ ದೂಳು ಇನ್ನೂ ಹೆಚ್ಚೀತು. ಆದ್ದರಿಂದ ಮೊದಲು ಬೇಕಾದದ್ದು ಕೋಚ್ ಅಲ್ಲ. ಒಂದು ವರ್ಷದ ಗಾಳಿಯ ದಿಕ್ಕು, ದೂಳಿನ ಪ್ರಮಾಣ ಅಳೆದು, ದಿಬ್ಬಗಳಿಂದ ಮೇಲ್ಗಾಳಿಗೆ ಬೀಳುವ ಜಾಗಗಳನ್ನು ಗುರುತಿಸಿದ ಒಂದು ನಕ್ಷೆ.